ನೊರೆಯ ಹಿಮ

"ಕಂಬಳಿ ತೆಗೀರಿ ಒಡ್ವರಣ್ಣ, ಎಷ್ಟು ಸಲ ಹೇಳ್ಲಿ! ಪೋಸ್ಟರಲ್ಲಿ ಹರಕು ಕಂಬಳಿ ಹೊದ್ದ ಕುದುರೆ ಯಾರಿಗೆ ಬೇಕು?"

ವರ್ತಕರ ಸಂಘದ ಸ್ಟೈನಾರ್ ಕೂಗಿದ. ಚೌಕದ ನಡುವೆ ಹಿಮಬಂಡಿಗೆ ಹೂಡಿದ್ದ ಕುದುರೆಯ ಬೆನ್ನಿನಿಂದ ಮುದುಕ ಒಡ್ವರ್ ಕಂಬಳಿ ಎಳೆದ. ಮಡಿಸಿ, ಎಲ್ಲಿಡುವುದೆಂದು ತೋಚದೆ ಕಂಕುಳಲ್ಲಿ ಸಿಕ್ಕಿಸಿಕೊಂಡ. ಊರಿನ ಕ್ರಿಸ್‌ಮಸ್ ಪೋಸ್ಟರಿಗೆ ಚಿತ್ರ ತೆಗೆಯಲು ಬಂದಿದ್ದ ಟೂರ್ಗುನ್ ಕ್ಯಾಮೆರಾದ ಹಿಂದಿನಿಂದ ಅದನ್ನು ನೋಡಿ, ಮತ್ತೆ ಆಕಾಶದ ಕಡೆ ತಿರುಗಿದಳು. ಆಕಾಶ ಕಡುನೀಲಿಯಾಗುತ್ತಿತ್ತು, ಅಂಗಡಿಗಳ ಸೂರಿನುದ್ದಕ್ಕೂ ಕ್ರಿಸ್‌ಮಸ್ ದೀಪಗಳು ಹತ್ತಿಕೊಂಡಿದ್ದವು. ಆ ನೀಲಿಗೂ ಈ ಹಳದಿಗೂ ಹೊಂದಿಕೆಯಾಗುವುದು ಸ್ವಲ್ಪವೇ ಹೊತ್ತು. ಅಷ್ಟರಲ್ಲಿ ಕೆಲಸ ಮುಗಿಯಬೇಕು.

ಆ ವರ್ಷ ಚಳಿ ಮೂಳೆ ಕೊರೆಯುವಂತೆ ಬಂದಿತ್ತು, ಹಿಮ ಮಾತ್ರ ಬಿದ್ದಿರಲಿಲ್ಲ. ಚೌಕದ ಕಲ್ಲುಗಳು ಕಪ್ಪಗೆ ಬೋಳಾಗಿದ್ದವು. ಹಾಗಾಗಿ ಸ್ಟೈನಾರ್ ಪಟ್ಟಣದಿಂದ ನೊರೆ ಉಗುಳುವ ಯಂತ್ರ ತರಿಸಿದ್ದ. ಸೂರು, ಕ್ರಿಸ್‌ಮಸ್ ಮರ, ಬಂಡಿಯ ಆಸನ ಎಲ್ಲಕ್ಕೂ ಬಿಳಿ ನೊರೆ ಬಳಿದಾಗಿತ್ತು. ಅದಕ್ಕೆ ಅಂಟಿನದೂ ಅಗ್ಗದ ಸೋಪಿನದೂ ಬೆರೆತ ವಾಸನೆ. ಬಾಗಿಲ ಮೇಲಿಂದ ಅದು ಸಿಂಬಳದ ಹಾಗೆ ಜೋತು ಬಿದ್ದಿತ್ತು. ಲೆನ್ಸಿನಲ್ಲಿ ನೋಡಿದರೆ ಅಪ್ಪಟ ಹಿಮ.

ಪ್ರತಿ ವರ್ಷ ಸವಾರಿ ಶಾಲೆಯ ಬಿಳಿ ಕುದುರೆಗಳನ್ನೇ ಕರೆಯುತ್ತಿದ್ದರು. ಒಡ್ವರನ ಕಪ್ಪು ಹೆಣ್ಣುಕುದುರೆ ಲಿಕ್ಕಾಗೆ ಕರೆ ಬಂದದ್ದು ಇದೇ ಮೊದಲು. ಮುದುಕ ಅದರ ಮೈಯನ್ನು ಮಿರಿಮಿರಿ ಮಿಂಚುವಂತೆ ಉಜ್ಜಿದ್ದ, ಬಾಲಕ್ಕೆ ಜಡೆ ಹಾಕಿದ್ದ. ತಾನು ಮದುವೆಯಲ್ಲಿ ತೊಟ್ಟಿದ್ದ ಕೋಟು ತೊಟ್ಟು ಬಂದಿದ್ದ. ಅದರ ಗುಂಡಿಗಳು ಈಗ ಹೊಟ್ಟೆಯ ಮೇಲೆ ಕೂರುತ್ತಿರಲಿಲ್ಲ.

ಟೂರ್ಗುನ್ ಚಳಿಗೆ ಸೋಲದಂತೆ ಅಂಗಿಯೊಳಗೆ ಬೆಚ್ಚಗಿಟ್ಟಿದ್ದ ಬ್ಯಾಟರಿಯನ್ನು ಕ್ಯಾಮೆರಾಕ್ಕೆ ಹಾಕುತ್ತಿದ್ದಾಗ ಸ್ಟೈನಾರ್ ಯಂತ್ರದ ಕೊಳವೆಯನ್ನು ಕುದುರೆಯತ್ತ ತಿರುಗಿಸಿದ.

"ಮೈಮೇಲೆ ಬೇಡಪ್ಪ," ಒಡ್ವರ್ ಅಡ್ಡ ಬಂದ. "ಗಾಬರಿ ಬೀಳ್ತಾಳೆ."

"ಸೋಪಿನ ನೊರೆ ಅಣ್ಣ! ನಮ್ಮನೆ ಮಕ್ಕಳು ಇದ್ರಲ್ಲೇ ಹೊರಳಾಡ್ತಾವೆ. ಬಂಡಿ ಮೇಲೆಲ್ಲ ಹಿಮ, ಕುದುರೆ ಮೇಲೆ ಮಾತ್ರ ಇಲ್ಲ ಅಂದ್ರೆ ಜನ ನಗಲ್ವಾ?"

ಒಡ್ವರ್ ಟೂರ್ಗುನ್ ಕಡೆ ನೋಡಿದ. ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ನೀಲಿ ಕರಗುತ್ತಿತ್ತು.

"ಏನು ಮಾಡೋದಿದ್ರೂ ಬೇಗ ಮಾಡಿ," ಎಂದಳು. "ಬೆಳಕು ಹೋಗುತ್ತೆ."

ಕೊಳವೆ ಬುಸುಗುಟ್ಟಿತು. ನೊರೆ ಲಿಕ್ಕಾಳ ಜೂಲಿನ ಮೇಲೆ, ಹಣೆಯ ಮೇಲೆ, ಕಿವಿಗಳ ಸಂದಿಯಲ್ಲಿ ಬಿತ್ತು. ಸ್ಟೈನಾರ್ ಅದರ ಕೊರಳಿಗೆ ಮಿಣುಕು ದೀಪದ ಸರ ಸುತ್ತಿದ. ಕುದುರೆ ತಲೆ ಕೊಡವಿತು, ನೊರೆ ಕಣ್ಣೊಳಗೆ ಇಳಿಯಿತು. ಅದರ ಪಕ್ಕೆ ನಡುಗುತ್ತಿತ್ತು. ಟೂರ್ಗುನ್ ಲೆನ್ಸಿನಲ್ಲಿ ಅದರ ಕಣ್ಣನ್ನು ಹತ್ತಿರಕ್ಕೆ ಎಳೆದು ನೋಡಿದಳು. ಕೆಂಪಗೆ ಊದುತ್ತಿದ್ದ ರೆಪ್ಪೆಯಿಂದ ನೀರು ಇಳಿದು ಬಿಳಿ ನೊರೆಯಲ್ಲಿ ಕರಿಯ ಗೆರೆ ಕೊರೆಯುತ್ತಿತ್ತು, ಆ ಹನಿಯಲ್ಲಿ ಚೌಕದ ದೀಪಗಳೆಲ್ಲ ಹೊಳೆಯುತ್ತಿದ್ದವು. ಅವಳ ಬೆರಳು ತಾನಾಗಿ ಒತ್ತಿತು. ಮತ್ತೆ ಒತ್ತಿತು.

ಸ್ಟೈನಾರ್ ಓಡಿಬಂದು ಕ್ಯಾಮೆರಾದ ಪರದೆಗೆ ಮೂಗು ತಾಗಿಸಿದ. ಅವನ ಉಸಿರು ಲವಂಗ ಹಾಕಿದ ಬಿಸಿ ವೈನಿನಿಂದ ನಾರುತ್ತಿತ್ತು. "ಅಬ್ಬಬ್ಬಾ! ಕುದುರೆಗೂ ಹಬ್ಬಕ್ಕೆ ಆನಂದಬಾಷ್ಪ! ಇದೇ ಇರ್ಲಿ, ಇದೇ!"

ಟೂರ್ಗುನ್‌ಗೆ ಅದು ಉರಿಯ ನೀರೆಂದು ಗೊತ್ತಿತ್ತು. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಇಷ್ಟು ಚೆನ್ನಾದದ್ದನ್ನು ಅವಳು ಎಷ್ಟೋ ಚಳಿಗಾಲಗಳಿಂದ ತೆಗೆದಿರಲಿಲ್ಲ. ಪರದೆಯ ಮೇಲೆ ಕೂತ ಸ್ಟೈನಾರನ ಉಸಿರಿನ ಮಂಜನ್ನು ತೋಳಿನಿಂದ ಒರೆಸಿದಳು.

ಒಡ್ವರ್ ಮೆಲ್ಲಗೆ ಬಂದ. "ನಂಗೂ ತೋರ್ಸಮ್ಮ."

ತೋರಿಸಿದಳು. ಅವನು ಬಹಳ ಹೊತ್ತು ನೋಡಿದ.

"ಇದನ್ನ ಅಳಿಸಿಬಿಡು ತಾಯಿ."

"ಹುಚ್ಚಾ ನಿಮಗೆ?" ಸ್ಟೈನಾರ್ ನಕ್ಕ. "ಇಡೀ ಊರು ನಿಮ್ಮ ಕುದುರೆ ನೋಡುತ್ತೆ."

"ಅದಕ್ಕೇ ಹೇಳ್ತಿರೋದು."

ಟೂರ್ಗುನ್ ಅಳಿಸಿದಳು. ಅದರ ಹಿಂದಿನದನ್ನೂ ಅಳಿಸಿದಳು. ಆಮೇಲೆ ಒಂದೊಂದೇ ನೋಡುವ ಗೋಜಿಗೂ ಹೋಗದೆ ಆ ಸಂಜೆಯದೆಲ್ಲವನ್ನೂ ಒಟ್ಟಿಗೆ ಅಳಿಸಿದಳು. ಸ್ಟೈನಾರ್ ಕ್ಯಾಮೆರಾಕ್ಕೆ ಕೈ ಹಾಕುವಷ್ಟರಲ್ಲಿ ಪರದೆ ಖಾಲಿಯಾಗಿತ್ತು.

"ನಾಳೆ ಅಚ್ಚಿಗೆ ಹೋಗ್ಬೇಕಿತ್ತು ಕಣೇ! ಇನ್ಮೇಲೆ ಈ ಊರಲ್ಲಿ ನಿನ್ನ ಯಾರಾದ್ರೂ ಕೆಲ್ಸಕ್ಕೆ ಕರೆದ್ರೆ ಕೇಳು!"

"ಕರೀಬೇಡಿ," ಎಂದಳು. "ಒಡ್ವರಣ್ಣ, ಕುದುರೆ ಬಿಚ್ಚಿ. ನಾನು ಬಿಸಿನೀರು ತರ್ತೀನಿ."

ಕಾಫಿ ಅಂಗಡಿಯಲ್ಲಿ ನೀರು ಕೇಳಿ ತಂದು ಅದು ಉಗುರುಬೆಚ್ಚಗಾಗುವವರೆಗೆ ಕಾದಳು. ಪಕ್ಕದ ಓಣಿಯಲ್ಲಿ, ದೀಪಗಳಿಲ್ಲದ ಕಡೆ, ಕಂಬಳಿ ಹೊದಿಸಿದ ಕುದುರೆಯ ಕಣ್ಣನ್ನು ಒಡ್ವರ್ ಕರವಸ್ತ್ರ ಅದ್ದಿ ಅದ್ದಿ ಒರೆಸಿದ. ಚೌಕದಲ್ಲಿ ಜನ ಒಬ್ಬರಾದ ಮೇಲೊಬ್ಬರು ಕುದುರೆಯಿಲ್ಲದ ಬಂಡಿ ಹತ್ತಿ ಫೋನಿಗೆ ನಗುತ್ತಿದ್ದರು. ಸ್ಟೈನಾರನೇ ಅವರನ್ನು ಕೈಹಿಡಿದು ಹತ್ತಿಸುತ್ತಿದ್ದ.

"ನನ್ನ ಕೋಟು," ಒಡ್ವರ್ ತಿರುಗಿ ನೋಡದೆಯೇ ಕೇಳಿದ, "ಬೇರೆ ಚಿತ್ರಗಳಲ್ಲಿ ಚೆನ್ನಾಗಿ ಬಂದಿತ್ತಾ?"

"ಬಂದಿತ್ತು."

"ಹೂಂ. ಇರ್ಲಿ ಬಿಡು."

ಟೂರ್ಗುನ್‌ಳ ಕೈಗವಸುಗಳಿಗೆ ಕಂಬಳಿ ಹೊದಿಸುವಾಗ ನೊರೆ ಮೆತ್ತಿ ಹೆಪ್ಪುಗಟ್ಟಿತ್ತು. ಎರಡನ್ನೂ ಕಿತ್ತು ಕಸದ ಡಬ್ಬಕ್ಕೆ ಎಸೆದಳು. ಮರಗಟ್ಟಿದ ಬರಿಗೈಯನ್ನು ಕುದುರೆಯ ಜೂಲಿನಡಿ, ನೊರೆ ತಲುಪದಿದ್ದ ಕಡೆ, ತೂರಿಸಿದಳು. ಲಿಕ್ಕಾ ಒಮ್ಮೆ ಅದುರಿತು, ಆಮೇಲೆ ಸುಮ್ಮನೆ ನಿಂತಿತು.