ನಾಲ್ಕು ಗಂಟೆಯ ಎಣಿಕೆ

“ಏಯ್ ಮುದ್ಕಿ, ಕಣ್ಣೆಲ್ಲಿ ಮಡಗಿದೀಯೇ? ಹೊಲಿಗೆ ಸೊಟ್ಟ ಹೋಯ್ತಾ ಐತೆ! ಇದನ್ನ ಹಾಕ್ಕಂಡು ಸಿಪಾಯಿ ಯುದ್ಧಕ್ಕೆ ಹೋಗ್ಬೇಕಾ, ಸರ್ಕಸ್ಸಿಗಾ?”

ಕಾವಲಿನ ಡಿಕರ್ಸನ್ ಸೈನ್ಯಕ್ಕೆಂದು ಹೊಲಿಯುತ್ತಿದ್ದ ಪ್ಯಾಂಟನ್ನು ವರ್ನೀಟಾಳ ಮುಖಕ್ಕೆ ಎಸೆದ. ಅವಳು ಹೊಲಿಗೆ ಬಿಚ್ಚತೊಡಗಿದಳು. ಟೆಕ್ಸಾಸಿನ ಈ ಹೆಂಗಸರ ಜೈಲಿಗೆ ಬಂದು ಇಪ್ಪತ್ತಮೂರು ವರ್ಷ. ಮಾಡಿದ ಪಾಪವೆಂದರೆ ಗಂಡನ ಫೋನೆತ್ತಿ ಯಾರಿಗೋ “ನಾಳೆ ಬಾ” ಎಂದದ್ದು. ಕೊಕೇನ್ ಮಾರುತ್ತಿದ್ದವನು ಗಂಡ. ಜೊತೆಗಾರರ ಹೆಸರು ಹೇಳಿದವರಿಗೆ ಶಿಕ್ಷೆ ಇಳಿಸುತ್ತೇವೆಂದರು ಸರ್ಕಾರದವರು. ಆ ಪುಣ್ಯಾತ್ಮ ಹೆಂಡತಿಯ ಹೆಸರನ್ನೂ ಸೇರಿಸಿ ಹೇಳಿ ಒಂಬತ್ತೇ ವರ್ಷಕ್ಕೆ ಮನೆ ಸೇರಿದ. ಏನೂ ಗೊತ್ತಿಲ್ಲದ ವರ್ನೀಟಾ ಯಾರ ಹೆಸರು ಹೇಳಿಯಾಳು? ಅವಳಿಗೆ ಜೀವ ಇರುವ ತನಕ ಜೈಲು.

ಅಮೆರಿಕದ ಅಧ್ಯಕ್ಷರು ಕುರ್ಚಿ ಬಿಡಲು ಮೂರೇ ದಿನವಿತ್ತು. ಹೋಗುವ ಮುನ್ನ ಅವರು ಕ್ಷಮಿಸಿ ಬಿಡಿಸುವ ಕೈದಿಗಳ ಪಟ್ಟಿಗಳು ಹೊರಬೀಳುತ್ತಿದ್ದವು. ವರ್ನೀಟಾಳೂ ಅರ್ಜಿ ಹಾಕಿದ್ದಳು. ಹಿಂದಿನ ವಾರ ಕೆಲಸದ ನಡುವೆ ಆಫೀಸಿಗೆ ಕರೆಸಿಕೊಂಡ ಮೂವರೂ ಮನೆಗೆ ಹೋಗಿದ್ದರು. ಅರ್ಜಿ ಬಿದ್ದುಹೋದವರಿಗೆ ಸಂಜೆಯ ಟಪಾಲಿನಲ್ಲಿ ಕಾಗದ ಬರುತ್ತಿತ್ತು, ಅಷ್ಟೇ.

ಹತ್ತೂವರೆಗೆ ಮೈಕು ಕೂಗಿತು. “ವರ್ನೀಟಾ ಪೆಟವೇ, ಆಫೀಸಿಗೆ!”

ಇಡೀ ಹೊಲಿಗೆ ಶೆಡ್ಡು ಎದ್ದು ಚಪ್ಪಾಳೆ ತಟ್ಟಿತು. ಬಿಡುಗಡೆಯಾದವರು ತಮ್ಮದೆಲ್ಲ ಹಂಚಿಯೇ ಹೊರಡಬೇಕು. ಒಂದು ಬಾಚಣಿಗೆ ಒಯ್ದರೂ ಜೈಲು ಬೆನ್ನು ಬಿಡದು ಎಂಬ ನಂಬಿಕೆ. ವರ್ನೀಟಾ ಕೊಠಡಿಗೆ ನುಗ್ಗಿ ರೇಡಿಯೊ, ಕಂಬಳಿ, ನೂಡಲ್ಸ್ ಪೊಟ್ಟಣ ಎಲ್ಲವನ್ನೂ ಪಕ್ಕದ ಮಂಚದ ಮಾರಿಸೋಲಳ ಮಡಿಲಿಗೆ ಸುರಿದಳು.

“ಅಕ್ಕಾ, ಮೊದ್ಲು ಕಾಗದ ನೋಡೇ.”

“ಬಾಯ್ಮುಚ್ಚೇ ಅಪಶಕುನದ ಮುಂಡೆ! ನಮ್ಮವ್ವಂಗೆ ಎಂಬತ್ನಾಕು. ಉಸ್ರು ಹಿಡ್ಕಂಡಿರೋದೇ ನಾನು ಬತ್ತೀನಿ ಅಂತ.”

ಆಫೀಸಿನ ಹೋಲ್ಕಂಬ್ ಡೋನಟ್ ಅಗಿಯುತ್ತಲೇ ಕಾಗದ ತಳ್ಳಿದ.

“ಆಗಲ್ಲ ಅಂದವ್ರೆ. ರುಜು ಹಾಕು.”

“ಮತ್ತೆ ಕರೆಸಿದ್ದು ಯಾಕೆ ಸಾರ್?”

“ನಾಳೆಯಿಂದ ನಂಗೆ ರಜಾ. ಮೇಜು ಖಾಲಿ ಆಗ್ಲಿ ಅಂತ.”

“ಕಾರಣ ಏನಂತೆ?”

“ಅಧ್ಯಕ್ಷರು ನಿಂಗೆ ಕಾರಣ ಹೇಳ್ಬೇಕಾ? ಯಾವೂರ ಮಹಾರಾಣಿನೇ ನೀನು? ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕು.”

“ನಮ್ಮವ್ವಂಗೆ ಆ ಒಂದು ವರ್ಷ ನೀವು ಬರ್ಕೊಡ್ತೀರಾ ಸಾರ್?”

ಅವನು ಬಾಗಿಲ ಕಡೆ ಬೆರಳು ತೋರಿಸಿದ. ಅವಳು ರುಜು ಹಾಕಲಿಲ್ಲ.

ಮಧ್ಯಾಹ್ನ ಫೋನಿನಲ್ಲಿ ಅವ್ವ ಎಲ್ಲ ಕೇಳಿಸಿಕೊಂಡು, “ಹಂಗಾದ್ರೆ ನಾನಿನ್ನ ಕಾಯಕ್ಕಿಲ್ಲ ಕಣವ್ವ,” ಅಂದಳು.

ನಾಲ್ಕಕ್ಕೆ ತಲೆ ಎಣಿಕೆ. ಆ ಹೊತ್ತಿಗೆ ಪ್ರತಿಯೊಬ್ಬ ಕೈದಿಯೂ ಮಂಚದ ಪಕ್ಕ ನಿಂತಿರಬೇಕು. ನಿಲ್ಲದವರಿಗೆ ಒಂಟಿ ಕೋಣೆ, ಮೇಲೆ ಇನ್ನಷ್ಟು ದಿನದ ಶಿಕ್ಷೆ. ವರ್ನೀಟಾ ಕೂತಿದ್ದಳು.

“ಏಳೇ ಮುದ್ಕಿ!” ಡಿಕರ್ಸನ್ ಅರಚಿದ.

“ಇಪ್ಪತ್ಮೂರು ವರ್ಷ ನಿಂತೆ. ನನ್ನ ಶಿಕ್ಷೆಗೆ ಇನ್ನೆಷ್ಟು ಸೇರಿಸ್ತೀಯೋ ಸೇರಿಸ್ಕೋ ಹೋಗೋ, ಬೇವರ್ಸಿ.”

ಪಕ್ಕದ ಮಂಚ ಕಿರುಗುಟ್ಟಿತು. ಮಾರಿಸೋಲಳೂ ಕೂತಿದ್ದಳು.

ವರ್ನೀಟಾ ಅವಳ ರಟ್ಟೆ ಹಿಡಿದೆಳೆದಳು. “ಏಳೇ ಹುಚ್ಚಿ! ನಿಂಗಿನ್ನ ಎರಡೇ ತಿಂಗಳು ಉಳಿದಿರೋದು! ಮಕ್ಳು ಕಾಯ್ತಾವೆ, ಏಳೇ!”

ಮಾರಿಸೋಲ್ ಏಳಲಿಲ್ಲ. ಡಿಕರ್ಸನ್ ಸೀಟಿ ಊದಿದ. ಮೆಟ್ಟಿಲ ಮೇಲೆ ಬೂಟುಗಳು ಓಡಿ ಬರುತ್ತಿದ್ದವು.