ಲವೋನಿಯಾಳ ದನಿ ಅಂದವರಿಗೆ

ಹೊಟ್ಟೆಕಿಚ್ಚು ಅಂದ್ರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಟ್ಟು ಪೌಡರ್ ಬಳಿಯೋಕೆ ನನಗೆ ಬರಲ್ಲ. ಆ ಬೇಸಿಗೆ ಪೂರ್ತಿ ನಾನು ಲವೋನಿಯಾ ಟಿಬ್ಸ್ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಬಸ್ಸು ಓಡಿಸ್ತಾ ಪಟ್ಟೆ, ಬಟ್ಟೆ ಒಗೀತಾ ಪಟ್ಟೆ, ಚರ್ಚಿನಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗಲೂ ಪಟ್ಟೆ.

ಶುರುವಾಗಿದ್ದು ನಮ್ಮ ಕ್ವೀನ್ಸ್ ಬಡಾವಣೆಯ ಹುಡುಗರ ಆಲ್ಬಂನಿಂದ. ಡೆವೋನ್ ಮತ್ತು ಅವನ ಇಬ್ಬರು ಗೆಳೆಯರು. ಮೂವರೂ ಸಂಡೇ ಸ್ಕೂಲಲ್ಲಿ ನನ್ನ ಕೈಲಿ ಕಿವಿ ಹಿಂಡಿಸಿಕೊಂಡವರೇ, ಈಗ ಇಪ್ಪತ್ತೆರಡು ದಾಟಿದ ಗಂಡಸರು. ಗುಂಪಿನ ಹೆಸರು ‘ಸಂಡೇ ಶೂಸ್’. ಬೇರೆ ರ‍್ಯಾಪ್ ಹುಡುಗರ ಥರ ಕೊರಳಲ್ಲಿ ಚಿನ್ನದ ಸರ ಇಲ್ಲ, ಬಾಯಲ್ಲಿ ಬಂದೂಕಿನ ಮಾತಿಲ್ಲ. ದಪ್ಪ ಕನ್ನಡಕ, ತಾತಂದಿರ ಕೋಟು, ಕಳೆದುಹೋದ ಕಾಲುಚೀಲದ ಮೇಲೊಂದು ಹಾಡು, ಅಮ್ಮನ ಬೈಗುಳದ ಮೇಲೊಂದು ಹಾಡು. ಮೊದಲನೇ ಆಲ್ಬಂ ‘ಬೇಸ್‌ಮೆಂಟ್ ಪಿಕ್ನಿಕ್’ ಬಂದು ತಿಂಗಳಾಗಿರಲಿಲ್ಲ, ಇಂಥದ್ದನ್ನ ನಾವು ಕೇಳೇ ಇರಲಿಲ್ಲ ಅಂತ ಮ್ಯಾಗಜೀನ್‌ನವರು ಹೊಗಳಿ ಹೊಗಳಿ ಬರೆದ್ರು.

ನಾನು ಅದನ್ನ ಮೊದಲು ಕೇಳಿದ್ದು ನನ್ನ ಬಸ್ಸಿನಲ್ಲೇ. ಹಿಂದಿನ ಸೀಟಲ್ಲಿ ಯಾರೋ ಟೇಪ್ ಹಾಕಿದ್ರು. ಡ್ರಮ್ಮಿನ ಪೆಟ್ಟು, ಅದರ ಮೇಲೆ ಒಬ್ಬ ಹೆಂಗಸಿನ ಗುನುಗು. ಮಾತಿಲ್ಲ, ಬರೀ ‘ಹ್ಮ್’ ಅಂತ ಎಳೆದ ದನಿ, ಕೊನೇಲಿ ಸ್ವಲ್ಪ ಕೆಳಗೆ ಜಾರಿ ನಿಲ್ಲುತ್ತೆ. ಆ ಜಾರುವಿಕೆ ಕೇಳಿದ್ದೇ ತಡ, ನಿಲ್ಲಿಸಬೇಕಾದ ಸ್ಟಾಪು ದಾಟಿಸಿಬಿಟ್ಟೆ. ಜನ ಬೈದ್ರು.

ಯಾಕಂದ್ರೆ ಆ ಜಾರುವಿಕೆ ನನ್ನದೇ ಹಳೇ ತಪ್ಪು. ಹದಿನೆಂಟು ವರ್ಷದ ಹಿಂದೆ, ಎಪ್ಪತ್ತೆರಡರಲ್ಲಿ, ಚರ್ಚಿನ ಸೂರು ರಿಪೇರಿಗೆ ಅಂತ ನಮ್ಮ ಕ್ವಾಯರಿನವರು, ಅಂದ್ರೆ ಚರ್ಚಿನಲ್ಲಿ ಹಾಡೋ ತಂಡದವರು, ಒಂದು ರೆಕಾರ್ಡು ಮಾಡಿದ್ವಿ. ಹಾಡಿಸ್ತಿದ್ದ ಬ್ರದರ್ ಹ್ಯಾಸ್ಕಿನ್ಸ್ ಎಲ್ಲರೂ ನಿಲ್ಲಿಸಿ ಅಂತ ಮುಷ್ಟಿ ಹಿಡಿದು ಸನ್ನೆ ಮಾಡಿದ್ರು. ನಾನು ಕಣ್ಣು ಮುಚ್ಚಿಕೊಂಡಿದ್ದೆ, ನೋಡಲಿಲ್ಲ. ಮೂವತ್ತು ಜನ ನಿಲ್ಲಿಸಿದ ಮೇಲೂ ನಾನೊಬ್ಬಳೇ ನಾಲ್ಕು ಸೆಕೆಂಡು ಎಳೆದೆ, ಆಮೇಲೆ ಗಾಬರಿಯಾಗಿ ಜಾರಿದೆ. ಎಲ್ಲರ ಮುಂದೆ ಮಂಗಳಾರತಿ ಆಯ್ತು. ಮತ್ತೆ ರೆಕಾರ್ಡ್ ಮಾಡೋಕೆ ಟೇಪು ಉಳಿದಿರಲಿಲ್ಲ, ಹಾಗೇ ಬಿಟ್ರು. ಹಳೇ ರೆಕಾರ್ಡಿನ ಚೂರು ತೆಗೆದು ಹಾಡು ಕಟ್ಟೋ ಹುಡುಗರಿಗೆ, ಬೇರೇನೂ ಬೆರೆಯದೆ ಒಂದೇ ಒಂದು ದನಿ ಸಿಗೋದು ಆ ನಾಲ್ಕು ಸೆಕೆಂಡಲ್ಲಿ ಮಾತ್ರ.

ಆದ್ರೆ ಬಸ್ಸಲ್ಲಿ ಕೇಳಿದ್ದು ಸಣ್ಣ ದನಿ, ಮೇಲಿನ ದನಿ. ನಂದೋ, ಫೋನಲ್ಲಿ ಮಾತಾಡಿದ್ರೆ ‘ಸರ್’ ಅಂತಾರೆ. ಹುಡುಗರ ಆಲ್ಬಂ ಕವರಿನ ಮೇಲೆ, ಆ ದನಿ ಎಲ್ಲಿಂದ ತಗೊಂಡದ್ದು ಅನ್ನೋ ಕಡೆ, ಬರೀ ನಮ್ಮ ಕ್ವಾಯರಿನ ಹೆಸರಿತ್ತು. ಮೇಲಿನ ದನಿ ಅಂದ್ರೆ ಇನ್ಯಾರು, ಕ್ವಾಯರಿನಲ್ಲಿ ಯಾವಾಗಲೂ ಮುಂದೆ ನಿಂತು ಹಾಡೋ ಲವೋನಿಯಾನೇ ಅಂತ ಚರ್ಚೆಲ್ಲಾ ತೀರ್ಮಾನ ಮಾಡ್ತು. ಅವಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಎದೆ ಮೇಲೆ ಕೈ ಇಟ್ಕೊಂಡು ಎಲ್ಲಾ ದೇವರ ಮಹಿಮೆ ಅಂದ್ಲು. ಮುಂದಿನ ಭಾನುವಾರಕ್ಕೆ ಹೊಸ ಟೋಪಿ ಬೇರೆ. ನೇರಳೆ ಬಣ್ಣದ್ದು, ನಕ್ಷತ್ರದ ಥರ ಮಿಣಿಮಿಣಿ. ನನಗೆ ಮೈಯೆಲ್ಲಾ ಉರಿದುಹೋಯ್ತು. ನನಗೆ ಬೇಕಾಗಿದ್ದು ಇಷ್ಟೇ: ಅದು ಅರ್ನೆಸ್ಟೀನ್ ಪ್ರೂಯಿಟ್ ದನಿ ಅಂತ ಈ ಜನ ಒಪ್ಪಿಕೊಳ್ಳಬೇಕು.

ಜುಲೈನಲ್ಲಿ ಒಂದು ಶನಿವಾರ ಮಧ್ಯಾಹ್ನ ಹುಡುಗರಿಗೆ ಚರ್ಚಿನ ಹಾಲ್‌ನಲ್ಲಿ ಊಟ ಇಟ್ರು. ಕರಿದ ಮೀನು, ಬೇಯಿಸಿದ ಸೊಪ್ಪು, ಮ್ಯಾಕರೋನಿ, ಸಿಹಿಗೆ ಪೀಚ್ ಹಣ್ಣಿನ ಕಾಬ್ಲರ್. ಹುಡುಗರು ರೆಕಾರ್ಡು ತಿರುಗಿಸೋ ಎರಡು ಟರ್ನ್‌ಟೇಬಲ್ ತಂದು ಜೋಡಿಸಿದ್ರು. ಪಾಸ್ಟರ್ ಎದ್ದು, ಆ ದನಿಯ ಒಡತಿ ಸಿಸ್ಟರ್ ಲವೋನಿಯಾ ದಯವಿಟ್ಟು ಎದ್ದು ನಿಲ್ಲಬೇಕು ಅಂದ್ರು. ಅವಳು ಟೋಪಿ ಸರಿ ಮಾಡ್ಕೊಳ್ಳೋ ಅಷ್ಟರಲ್ಲಿ ನಾನು ಎದ್ದು ನಿಂತೆ.

“ಪಾಸ್ಟರ್, ಆ ದನಿ ನಂದು.”

ಹಿಂದೆ ಯಾರೋ ಕಿಸಕ್ಕಂದ್ರು. ಪಾಸ್ಟರ್ ಒಳ್ಳೇ ಮನುಷ್ಯ, ಜಗಳ ಬೇಡ ಅಂತ ಇಬ್ಬರೂ ಹಾಡಿ ತೋರಿಸಿ ಅಂದ್ರು. ನಾನು ಗುನುಗಿದೆ. ನನ್ನ ದನಿ ಎಲ್ಲಿಂದ ಬರುತ್ತೋ ಅಲ್ಲಿಂದಲೇ ಬಂತು, ನೆಲದ ಕೆಳಗಿಂದ. ಜನ ಮರ್ಯಾದೆಗೆ ಅಂತ ಚಪ್ಪಾಳೆ ತಟ್ಟಿದ್ರು, ಹುಷಾರಿಲ್ಲದವರಿಗೆ ತಟ್ಟುವ ಹಾಗೆ. ಆಮೇಲೆ ಲವೋನಿಯಾ ಗುನುಗಿದ್ಲು. ಏನು ಹೇಳ್ಲಿ, ಥೇಟ್ ಆಲ್ಬಂನಲ್ಲಿದ್ದ ಹಾಗೇ. ಜನ ಮೇಜು ಬಡಿದು ಕೂಗಿದ್ರು. ನನ್ನ ದನಿಯನ್ನೇ ನನಗಿಂತ ಚೆನ್ನಾಗಿ ಅವಳು ಹಾಡಿದ್ಲು, ಅದನ್ನ ನಾನೇ ನಿಂತು ಕೇಳಿಸ್ಕೊಂಡೆ. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಡೆವೋನ್ ಮಾತ್ರ ಮೀನು ಅಗಿಯೋದು ನಿಲ್ಲಿಸಿ ನನ್ನನ್ನೇ ನೋಡ್ತಿದ್ದ. ತಟ್ಟೆ ಇಟ್ಟು ಎದ್ದ.

“ಮಿಸ್ ಅರ್ನೆಸ್ಟೀನ್, ನಮ್ಮ ಮಿಶೀನಿಗೆ ಕೆಲವೇ ಸೆಕೆಂಡು ಹಿಡಿಯೋದು. ಅದಕ್ಕೆ ರೆಕಾರ್ಡನ್ನ ಜೋರು ಸ್ಪೀಡಲ್ಲಿ ತಿರುಗಿಸಿ ತುಂಬ್ತೀವಿ, ಆಗ ದನಿ ಸಣ್ಣಗಾಗುತ್ತೆ. ಆಮೇಲೆ ನಿಧಾನ ಮಾಡ್ಬೇಕು, ಆದ್ರೆ ಹಾಗೇ ಚೆನ್ನಾಗಿದೆ ಅಂತ ಬಿಟ್ಬಿಟ್ವಿ. ದನಿ ಯಾರದ್ದು ಅಂತ ನಾವು ವಿಚಾರಿಸ್ಲೇ ಇಲ್ಲ, ತಪ್ಪಾಯ್ತು.”

ಪೆಟ್ಟಿಗೆಯಿಂದ ನಮ್ಮ ಕ್ವಾಯರಿನ ರೆಕಾರ್ಡು ತೆಗೆದ, ಅದು ಹೇಗೆ ತಿರುಗಬೇಕೋ ಹಾಗೆ ತಿರುಗಿಸಿ ಮುಳ್ಳು ಇಟ್ಟ. ಮೂವತ್ತು ಜನ ಹಾಡಿ ನಿಲ್ಲಿಸಿದ್ರು. ಆಮೇಲೆ ನೆಲದ ಕೆಳಗಿಂದ ನಾನು. ನಾಲ್ಕು ಸೆಕೆಂಡು, ಮತ್ತೆ ಆ ಜಾರುವಿಕೆ. ಡೆವೋನ್ ಅದನ್ನ ಮೂರು ಸಲ ಹಾಕಿದ. ಮೂರನೇ ಸಲಕ್ಕೆ ಹಾಲ್‌ನಲ್ಲಿದ್ದವರೆಲ್ಲಾ ಎದ್ದು ನಿಂತಿದ್ರು, ಪಾಸ್ಟರ್ ಕಣ್ಣೊರೆಸಿಕೊಳ್ತಿದ್ರು.

ನಾನು ಲವೋನಿಯಾ ಮುಖ ನೋಡೋಕೆ ಅಂತ ತಿರುಗಿದೆ. ಅವಳ ಕುರ್ಚಿ ಖಾಲಿ ಇತ್ತು. ಅಡುಗೆಮನೆಗೆ ಹೋಗಿ ನೋಡಿದ್ರೆ, ಟೋಪಿ ತೆಗೆದಿಟ್ಟು ತಟ್ಟೆ ಒರೆಸ್ತಾ ನಿಂತಿದ್ಲು. ಚುಚ್ಚೋಣ ಅಂತಲೇ ನಾನು ಹೋಗಿದ್ದು, ಸುಳ್ಳು ಯಾಕೆ ಹೇಳ್ಲಿ.

“ಮೊದಲ ದಿನಾನೇ ಗೊತ್ತಿತ್ತು ಕಣೇ, ಅದು ನಿಂದು ಅಂತ,” ಅಂದ್ಲು.

“ಮತ್ತೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ?”

ಅವಳು ಅದೇ ತಟ್ಟೆಯನ್ನ ಮತ್ತೆ ಒರೆಸಿದ್ಲು. “ಎಪ್ಪತ್ತೆರಡರಲ್ಲಿ ಒಂದು ಹಾಡು ನಿನ್ನೊಬ್ಬಳ ಕೈಲೇ ಹಾಡಿಸ್ಬೇಕು ಅಂತ ಹ್ಯಾಸ್ಕಿನ್ಸ್ ಇದ್ರು. ‘ಅರ್ನೆಸ್ಟೀನ್‌ಗೆ ಜನ ಅಂದ್ರೆ ನಡುಕ, ಅವಳನ್ನ ಕೇಳಿ ಮುಜುಗರ ಮಾಡ್ಬೇಡಿ’ ಅಂತ ಅವರಿಗೆ ಹೇಳಿ ನಾನೇ ತಪ್ಪಿಸಿದೆ.”

“ಯಾಕೆ?”

“ನೀನು ಹಾಡಿದ ಮೇಲೆ ನನ್ನನ್ನ ಯಾರು ಕೇಳ್ತಿದ್ರು?”

ಹದಿನೆಂಟು ವರ್ಷ. ತಟ್ಟೆ ಕಿತ್ತುಕೊಂಡು ಅವಳ ತಲೆ ಮೇಲೆ ಒಡೀಬೇಕು ಅನ್ನಿಸ್ತು. ಆದ್ರೆ ನನ್ನ ಹಾಡಿನ ಬಗ್ಗೆ ಹುಟ್ಟಿದಾಗಿಂದ ಯಾರೂ ಅಷ್ಟು ಒಳ್ಳೇ ಮಾತು ಆಡಿರಲಿಲ್ಲ. ಅದನ್ನ ಆಡೋಕೆ ಇವಳೇ ಆಗಬೇಕಿತ್ತಾ?

“ಇನ್ನೊಂದ್ಸಲ ಹೇಳು,” ಅಂದೆ.

ಹೇಳಿದ್ಲು.

“ನಡಿ, ಅಲ್ಲಿ ಎಲ್ಲರ ಮುಂದೆ ಹೇಳು.”

ಅವಳು ಬಾಗಿಲ ಕಡೆ ನೋಡಿದ್ಲು. ಆಚೆ ನನ್ನ ಹೆಸರು ಕೂಗ್ತಿದ್ರು. “ಅದು ನನ್ನ ಕೈಲಾಗಲ್ಲ ಅರ್ನೆಸ್ಟೀನ್,” ಅಂದ್ಲು.

ಅವಳ ಜಾಗದಲ್ಲಿ ನಾನಿದ್ದಿದ್ರೂ ಹೇಳ್ತಿರಲಿಲ್ಲ. ಹ್ಯಾಸ್ಕಿನ್ಸ್ ಹತ್ರ ನಾನೂ ಅದೇ ಸುಳ್ಳು ಹೇಳ್ತಿದ್ದೆನೇನೋ. ಅದನ್ನ ಅವಳಿಗೆ ಹೇಳಿ ಸಮಾಧಾನ ಮಾಡೋಷ್ಟು ಒಳ್ಳೆಯವಳು ನಾನಲ್ಲ. ಅವಳನ್ನ ಅಲ್ಲೇ ಬಿಟ್ಟು, ಕೂಗ್ತಿದ್ದ ಕಡೆ ಹೋದೆ.