ಹಳದಿ ಬೇಡ, ಹಸಿರು ಕೊಡಿ

ಕಾಡಸಿದ್ದಪ್ಪ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ಹೇಳಿದರೆ ನಂಬುವವರು ಕಡಿಮೆ.

ಪೇಟೆಯ ಅಂಚಿನಲ್ಲಿ, ಬಿಳಿಗೆರೆ ಕಡೆಗೆ ಹೋಗುವ ರಸ್ತೆಯ ಮಗ್ಗುಲಿಗೆ ಅವನ ತೆಂಗಿನ ತೋಟ. ತಂಗಿ ಸುವರ್ಣಮ್ಮನನ್ನು ಕಂದಿಕೆರೆಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಆಕೆ ಮಗಳು ಶಾಂತಕುಮಾರಿಯನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದಳು. ಮನೆಯೇನೋ ದೊಡ್ಡದೇ, ಆದರೆ ನಮ್ಮ ಕಡೆ ಮನೆಯ ಅರ್ಧ ಭಾಗ ಮನುಷ್ಯರದು, ಇನ್ನರ್ಧ ಕೊಬ್ಬರಿಯದು. ವರ್ಷಪೂರ್ತಿ ಅಟ್ಟದ ಮೇಲೆ ಕಾಯಿ ಒಣಗುತ್ತದೆ, ಅದರ ಕೆಳಗೆ ತಾಯಿ ಮಗಳು ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಕಮಟು ವಾಸನೆ, ಜಿರಲೆ, ತಲೆ ಎತ್ತಿದರೆ ತೊಲೆ ಬಡಿಯುವಷ್ಟು ತಗ್ಗು. ಹೆಣ್ಣು ನೋಡುವುದಕ್ಕೆ ಬಂದವರನ್ನು ಎಲ್ಲಿ ಕೂರಿಸುವುದು ಎನ್ನುವ ಚಿಂತೆ ಸುವರ್ಣಮ್ಮನಿಗೆ ಆಗಲೇ ಹತ್ತಿಕೊಂಡಿತ್ತು.

ಅಪ್ಪ ಸಾಯುವ ಮುಂಚೆ ತೋಟದ ರಸ್ತೆ ಪಕ್ಕದ ತುಂಡನ್ನು ತೋರಿಸಿ, "ಅಲ್ಲಿ ಸುವರ್ಣಂಗೆ ಎರಡಂಕಣದ ಮನೆ ಕಟ್ಟಿಸಿಕೊಡ್ಲಾ," ಎಂದಿದ್ದ. ಕಾಡಸಿದ್ದಪ್ಪ ಹೂಂ ಎಂದಿದ್ದ. ಕಟ್ಟಿಸುವ ಮನಸ್ಸೂ ಅವನಿಗಿತ್ತು. ತಂಗಿ ಏನೂ ಕೇಳುತ್ತಿರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು.

ಹೀಗಿರುವಾಗ, ಎಂಬತ್ತನೇ ಇಸವಿಯ ಸುಮಾರಿಗೆ, ಊರಿಗೆ ಒಂದು ಪ್ಲಾನು ಬಂತು. ಮುಂದಿನ ಇಪ್ಪತ್ತು ವರ್ಷ ಪೇಟೆ ಯಾವ ಕಡೆಗೆ ಬೆಳೆಯಬೇಕು, ಅಂಗಡಿ ಎಲ್ಲಿ, ಮನೆ ಎಲ್ಲಿ, ಮಿಲ್ಲು ಎಲ್ಲಿ ಅಂತ ಯಾರೋ ಕೂತು ಬಣ್ಣ ಬಳಿದ ನಕ್ಷೆ. ಅದನ್ನು ಪುರಸಭೆ ಕಚೇರಿಯ ಗೋಡೆಗೆ ಅಂಟಿಸಿ, ತಕರಾರಿದ್ದವರು ಎರಡು ತಿಂಗಳೊಳಗೆ ಅರ್ಜಿ ಕೊಡಿ ಎಂದು ಡಂಗುರ ಹೊಡೆಸಿದರು. ಪಕ್ಕದ ತೋಟದ ಮಾಯಣ್ಣ ಬಂದು, "ಬಾರ್ಲಾ, ನಮ್ಮ ತೋಟನೂ ಬರ್ದವ್ರಂತೆ," ಎಂದು ಎಳೆದುಕೊಂಡು ಹೋದ.

ಕಾಡಸಿದ್ದಪ್ಪ ನಕ್ಷೆಯ ಮುಂದೆ ನಿಂತು ತನ್ನ ತೋಟ ಹುಡುಕಿದ. ಅವನ ತೋಟ ಪೂರ್ತಿ ಹಳದಿ. ಹುಟ್ಟಿದಾಗಿನಿಂದ ತೆಂಗು ನೋಡಿದವನ ಕಣ್ಣಿಗೆ ಹಳದಿ ಅಂದರೆ ಒಂದೇ ಅರ್ಥ: ಗರಿ ಹಳದಿ ತಿರುಗಿತೆಂದರೆ ಮರದ ಆಸೆ ಬಿಟ್ಟ ಹಾಗೆ.

"ಈ ಹಳದಿ ಏನ್ ಸ್ವಾಮಿ?" ಎಂದು ಅಲ್ಲಿದ್ದ ಗುಮಾಸ್ತ ತೋಂಟದಾರ್ಯನನ್ನು ಕೇಳಿದ.

"ಅಲ್ಲಿ ಮನೆಗಳು ಬತ್ತವೆ, ಯಜಮಾನ್ರೇ."

"ಯಾರ ಮನೆ?"

"ಯಾರದಾರಾ ಬರ್ಲಿ, ಊರು ಬೆಳೀಬೇಕಲ್ಲ."

ಕಾಡಸಿದ್ದಪ್ಪನ ಕಣ್ಣಮುಂದೆ ತೋಟದ ತುಂಬ ಕಂಡವರ ಮನೆಗಳು ಎದ್ದು ನಿಂತವು. ಮರ ಕಡಿಯುತ್ತಾರೆ, ಸೈಟು ಮಾಡಿ ಹಂಚುತ್ತಾರೆ, ಅದರಲ್ಲಿ ತಂಗಿಯ ತುಂಡೂ ಹೋಗುತ್ತದೆ. "ಮತ್ತೆ ಈ ಹಸಿರು?" ಎಂದ.

"ಅದು ಮರ ಗಿಡ ಇರೋ ಜಾಗ. ಅಲ್ಲಿ ಮನೆ ಬರಂಗಿಲ್ಲ."

ಮಾಯಣ್ಣನ ತೋಟವೂ ಹಳದಿಯೇ. ಅವನು ನಕ್ಕು, "ಕಾಗದಕ್ಕೆ ಬಣ್ಣ ಬಳುದ್ರೆ ಮರ ಸತ್ತೋಯ್ತದಾ, ಬುಡ್ಲಾ," ಎಂದು ಬೀಡಿ ಹಚ್ಚಿದ. ಸೋಮಾರಿತನ ಎಷ್ಟು ದೊಡ್ಡ ಪುಣ್ಯ ಎಂದು ಆಮೇಲೆ ಗೊತ್ತಾಯಿತು. ಕಾಡಸಿದ್ದಪ್ಪ ಮಾತ್ರ ಸುಮ್ಮನೆ ಕೂರುವ ಆಸಾಮಿಯಲ್ಲ. ಅರ್ಜಿ ಬರೆಸಿದ, ಸಹಿ ಹಾಕಿದ, ಕಚೇರಿಯ ಸಾಹೇಬರ ಮನೆಗೆ ಒಂದು ಗೊನೆ ಎಳನೀರನ್ನೂ ಹೊತ್ತ. ಅರ್ಜಿಯಲ್ಲಿದ್ದದ್ದು ಇಷ್ಟೇ: ನನ್ನ ತೋಟಕ್ಕೆ ಹಳದಿ ಬೇಡ, ಹಸಿರು ಕೊಡಿ. ಮನೆಗೆ ಬಂದು ಮುಖ ಅರಳಿಸಿಕೊಂಡು, "ನಿನ್ನ ಜಾಗ ಉಳಿಸ್ಕೊಂಡು ಬಂದೆ ಕಣವ್ವ," ಎಂದ. ಸುವರ್ಣಮ್ಮನ ಕಣ್ಣು ತುಂಬಿ ಬಂತು.

ಎರಡು ವರ್ಷ ಕಳೆಯಿತು. ಒಂದು ಒಳ್ಳೆ ದಿನ ನೋಡಿ ಗುದ್ದಲಿ ಪೂಜೆ ಮಾಡಿದರು. ಸುವರ್ಣಮ್ಮ ಬಾಗಿಲು ಎಲ್ಲಿ ಬರಬೇಕೆಂದು ತಾನೇ ನಿಂತು ತೋರಿಸಿದಳು. ಮಗಳಿಗೆ, "ಬಂದೋರು ಇಲ್ಲಿ ಕೂತ್ಕತಾರೆ," ಎಂದು ಖಾಲಿ ನೆಲವನ್ನು ತೋರಿಸಿ ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ಕಾಡಸಿದ್ದಪ್ಪನಿಗೆ ಅಪ್ಪನ ಋಣ ತೀರಿತು ಅನ್ನಿಸಿತು.

ಪಾಯದ ಕಲ್ಲು ಬಿದ್ದ ಮಾರನೆಯ ದಿನವೇ ಕಚೇರಿಯವರು ಬಂದು ಕೆಲಸ ನಿಲ್ಲಿಸಿದರು. ಕಾಡಸಿದ್ದಪ್ಪ ಪಂಚೆ ಕೊಡವಿಕೊಂಡು ಕಚೇರಿಗೆ ಓಡಿದ. ಹೊಸದಾಗಿ ಬಂದಿದ್ದ ಸಾಹೇಬ ಒಳ್ಳೆಯವನು. ಬೈದು ಕಳಿಸಿದ್ದರೆ ವಾಸಿಯಾಗುತ್ತಿತ್ತು. ಅವನು ಕುರ್ಚಿ ಕೊಟ್ಟು ಕೂರಿಸಿ ತಿಳಿಸಿ ಹೇಳಿದ.

"ನಿಮ್ಮ ಜಾಗ ನಕ್ಷೇಲಿ ಹಸಿರು, ಅಂದರೆ ಪಾರ್ಕಿಗೆ ಅಂತ ನಿಗದಿಯಾಗಿದೆ. ಅಲ್ಲಿ ಯಾರಿಗೂ ಲೈಸೆನ್ಸ್ ಕೊಡೋ ಹಾಗಿಲ್ಲ."

"ನನ್ನ ಜಾಗದಲ್ಲಿ ನನ್ನ ತಂಗಿಗೆ ಕಟ್ತಿರೋದು, ಸ್ವಾಮಿ. ಬೇರೇರಿಗಲ್ಲ."

"ಯಾರಿಗಾದರೂ ಅಷ್ಟೇ. ನೀವೇ ತಾನೆ ಕೇಳಿದ್ದು?" ಸಾಹೇಬ ಅರ್ಜಿಯನ್ನು ಮುಂದಿಟ್ಟ. "ಆಗ ಬಂದ ಅರ್ಜಿಗಳಲ್ಲಿ ಒಪ್ಪಿಗೆಯಾಗಿದ್ದು ಇದೊಂದೇ."

"ಹಂಗಾದ್ರೆ ಪಾರ್ಕ್ ಯಾವಾಗ ಮಾಡ್ತೀರಿ? ಜಾಗ ತಗೊಂಡು ಬ್ಯಾರೆ ಕಡೆ ಕೊಡಿ."

"ಅನುದಾನ ಬಂದಾಗ ತಗೋತಾರೆ."

"ಬರದಿದ್ರೆ?"

"ಹೀಗೇ ಇರುತ್ತೆ."

ಬದಲಾಯಿಸಬೇಕೆಂದರೆ ಬೆಂಗಳೂರಿಗೆ ಹೋಗಬೇಕು. ಅವನು ಹೋದ. ಅಲ್ಲಿ ಒಬ್ಬರು ಇನ್ನೊಬ್ಬರನ್ನು ತೋರಿಸಿದರು, ಇನ್ನೊಬ್ಬರು ಕಡತ ಜಿಲ್ಲೆಯಿಂದ ಬರಬೇಕು ಎಂದರು, ಜಿಲ್ಲೆಯವರು ಅದನ್ನು ಆಗಲೇ ಬೆಂಗಳೂರಿಗೆ ಕಳಿಸಿದ್ದೇವೆ ಎಂದರು. ಚಪ್ಪಲಿ ಸವೆಯಿತೇ ಹೊರತು ಬಣ್ಣ ಬದಲಾಗಲಿಲ್ಲ. ತೋಟ ಅವನದೇ, ಕಂದಾಯ ಅವನದೇ, ಬಿದ್ದ ಕಾಯಿಯೂ ಅವನದೇ, ಒಂದು ಗೋಡೆ ಎಬ್ಬಿಸುವ ಹಕ್ಕು ಮಾತ್ರ ಅವನಿಗಿರಲಿಲ್ಲ. ಗಂಡಸಾಗಿ ಹುಟ್ಟಿ ಇಷ್ಟು ಕೈಲಾಗದವನಾದೆನಲ್ಲ ಎಂದು ಮರದ ಬುಡದಲ್ಲಿ ಕೂತು ಅತ್ತದ್ದನ್ನು ಯಾರೂ ನೋಡಲಿಲ್ಲ.

ಈ ನಡುವೆ ಹಳದಿ ಬಳಿಸಿಕೊಂಡು ಸುಮ್ಮನಿದ್ದ ಮಾಯಣ್ಣ ಬೇಲಿಯಾಚೆ ಸಾಲಾಗಿ ಬಾಡಿಗೆ ಮನೆಗಳನ್ನು ಕಟ್ಟಿಸಿದ. ಅರ್ಜಿಯ ಸುದ್ದಿ ಹೇಗೋ ಊರೆಲ್ಲ ಹಬ್ಬಿತು. ಕೊಬ್ಬರಿ ಮಂಡಿಯಲ್ಲಿ ಕಾಡಸಿದ್ದಪ್ಪನನ್ನು ಕಂಡ ಕೂಡಲೇ ಜನ ಮಾತು ನಿಲ್ಲಿಸತೊಡಗಿದರು. ಯಾಕೆಂದು ಅವನಿಗೆ ಅರ್ಥವಾಗಲಿಲ್ಲ. ತನ್ನ ದಡ್ಡತನಕ್ಕೆ ನಗುತ್ತಿದ್ದಾರೆ ಎಂದುಕೊಂಡು ತಲೆ ತಗ್ಗಿಸಿ ಓಡಾಡಿದ.

ಒಂದು ಬೆಳಿಗ್ಗೆ ಸುವರ್ಣಮ್ಮ ಟ್ರಂಕು ಕಟ್ಟಿಕೊಂಡಳು. ಮಾಯಣ್ಣನ ಸಾಲಿನಲ್ಲಿ ಒಂದು ಕೋಣೆ ಹಿಡಿದಿದ್ದಳು. ಕಾಡಸಿದ್ದಪ್ಪ ಟ್ರಂಕನ್ನು ತಲೆಯ ಮೇಲೆ ಹೊತ್ತು ಬೇಲಿ ದಾಟಿ ಕೋಣೆಯೊಳಗೆ ಇಳಿಸಿದ. ಬಾಗಿಲಲ್ಲಿ ನಿಂತು, "ಇನ್ನೊಂದ್ಸಲ ಬೆಂಗ್ಳೂರಿಗೆ ಹೋಗ್ಬತ್ತೀನಿ ಕಣವ್ವ. ಏನಾರ ಆಯ್ತದೆ," ಎಂದ.

ಸುವರ್ಣಮ್ಮ ಅವನ ಮುಖ ನೋಡದೆ ನೆಲ ಗುಡಿಸುತ್ತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಕೊಡೋಕೆ ಮನಸಿಲ್ಲ ಅಂದಿದ್ರೆ ಬಾಯಲ್ಲೇ ಹೇಳ್ಬೋದಿತ್ತಲ್ಲ ಅಣ್ಣಯ್ಯ. ಅರ್ಜಿ ಯಾಕೆ ಕೊಡಾಕೋದೆ?"